ಚಂದ್ರಶಾನ ಮಶೀನಿನ ಎಡಗೈ

ಚಂದ್ರಶಾನನ್ನು ನಾನು ಮೊದಲು ನೋಡಿದ್ದು ಕಲಬುರಗಿಯ ನೆಹರು ಗಂಜಿನ ಬೇಳೆ ಮಿಲ್ಲಿನಲ್ಲಿ. ನನ್ನ ಗಂಡ ತೀರಿಕೊಂಡ ಮರುವರ್ಷ ಅದು, ಎಂಬತ್ನಾಲ್ಕನೇ ಇಸವಿ. ಮಿಲ್ಲಿನ ಪಡಸಾಲೆಯಲ್ಲಿ ನಾವು ಹೆಂಗಸರು ಸಾಲಾಗಿ ಕೂತು ತೊಗರಿಬೇಳೆಯಲ್ಲಿನ ಕಲ್ಲು, ಸಿಪ್ಪೆ, ಕಪ್ಪು ಕಾಳು ಆರಿಸುತ್ತಿದ್ದೆವು. ಆ ವರ್ಷ ನನಗೆ ಊಟದ ರುಚಿ ತಿಳಿಯುತ್ತಿರಲಿಲ್ಲ. ಯಾರು ಏನಂದರೂ ತಾಗುತ್ತಿರಲಿಲ್ಲ. ಬೆರಳು ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಮಧ್ಯಾಹ್ನ ಒಬ್ಬ ತೆಳ್ಳಗಿನ ಮನುಷ್ಯ ಕರವಸ್ತ್ರದಲ್ಲಿ ಏನೋ ಸುತ್ತಿಕೊಂಡು ಒಳಗೆ ಬಂದ. ಅಂಗಿಯ ತೋಳಿಗೆ ಎಣ್ಣೆ ಹತ್ತಿತ್ತು.

“ಅಕ್ಕಗೋಳ್ರಿ, ನಿಮ್ಮ ಬೆರಳು ಸ್ವಲ್ಪ ಬೇಕಾಗಿದ್ವು,” ಅಂದ.

ನನ್ನ ಪಕ್ಕ ಕೂತಿದ್ದ ಬಂಡಮ್ಮ ಮೊರದಿಂದ ತಲೆ ಎತ್ತಲಿಲ್ಲ. “ಬೆರಳಷ್ಟ ಒಯ್ತೀಯೋ, ಕೈ ಸುದ್ದಾ ಕಟ್ಟಿ ಕೊಡಬೇಕೋ?” ಅಂದಳು. ಎಲ್ಲರೂ ನಕ್ಕರು. ಅವನೂ ನಕ್ಕು, ಕರವಸ್ತ್ರ ಬಿಚ್ಚಿ ಒಂದು ಉಕ್ಕಿನ ಗುಂಡು ತೋರಿಸಿದ. ದೊಡ್ಡ ನೆಲ್ಲಿಕಾಯಿಯಷ್ಟು ಇತ್ತು. ಮುಖ ಕಾಣುವಷ್ಟು ಹೊಳೆಯುತ್ತಿತ್ತು.

“ಇದರಾಗ ಒಂದು ತಗ್ಗು ಅದ. ಕಣ್ಣಿಗೆ ಕಾಣಂಗಿಲ್ಲ. ನೀವು ದಿನಾ ಕಾಳು ಆರಸೋರು, ನಿಮಗ ಸಿಗ್ತದೇನು ನೋಡ್ರಿ.”

ಗುಂಡು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಯಾರಿಗೂ ಏನೂ ಸಿಗಲಿಲ್ಲ. ನನ್ನ ಕೈಗೆ ಬಂದಾಗ ನಾನೂ ಹೊರಳಿಸಿ ನೋಡಿದೆ. ಎಲ್ಲ ಕಡೆ ನುಣ್ಣಗೆ ಇತ್ತು. ಅವನು ಅದನ್ನು ವಾಪಸು ತೆಗೆದುಕೊಂಡು ಕಣ್ಣು ಮುಚ್ಚಿದ. ಎಡಗೈಯ ಕೊನೆಯ ಎರಡು ಬೆರಳಲ್ಲಿ ಮೆಲ್ಲಗೆ ಹೊರಳಿಸಿ ಒಂದು ಕಡೆ ನಿಲ್ಲಿಸಿದ. ಅಲ್ಲಿಗೆ ನನ್ನ ಬೆರಳು ತಂದು ಇಟ್ಟ.

“ಒತ್ತಬ್ಯಾಡ್ರಿ. ಸುಮ್ನ ಇಡ್ರಿ.”

ಒತ್ತುವುದು ಬಿಟ್ಟೆ. ಆಮೇಲೆ ತಿಳಿಯಿತು. ಬೇಳೆಯ ಬೆನ್ನಿನ ಮೇಲೆ ಸಿಪ್ಪೆಯ ಚೂರು ಉಳಿದರೆ ಹೇಗೆ ತಿಳಿಯುತ್ತದೋ, ಅದಕ್ಕಿಂತ ಸಣ್ಣದು.

“ನಿನಗ ಮೊದಲ ಗೊತ್ತಿತ್ತಲ್ಲ, ನಮಗ್ಯಾಕ ಕೇಳದಿ?” ಅಂದೆ.

“ನನಗ ಅನಿಸಿದ್ದು ಖರೇನೋ ಸುಳ್ಳೋ, ಇನ್ನೊಂದು ಕೈಗೆ ಕೇಳಬೇಕಲ್ರಿ ಅಕ್ಕಾ,” ಅಂದ. ಗುಂಡು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ.

ಅವನು ಕಮಲಾಪುರದವನು. ಅಪ್ಪ ಅಲ್ಲಿ ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಇಳಿಸುತ್ತಿದ್ದ. ಇವನು ಸಣ್ಣವನಿದ್ದಾಗಲೇ ಮುಂಬಯಿಗೆ ಹೋಗಿ, ಬಂದರಿನ ಹತ್ತಿರದ ಒಂದು ಆಟದ ಅಂಗಡಿಯಲ್ಲಿ ದುಡ್ಡು ಹಾಕಿ ಆಡುವ ಮಶೀನುಗಳ ಗಾಜು ಒರೆಸುವ ಕೆಲಸಕ್ಕೆ ಸೇರಿದ್ದ. ಒರೆಸುತ್ತ ಒರೆಸುತ್ತ ಅವುಗಳ ಹೊಟ್ಟೆ ಬಿಚ್ಚುವುದು ಕಲಿತ. ಆ ಅಂಗಡಿ ಮುಚ್ಚಿದಾಗ ನಮ್ಮೂರಿನ ಇಮಾಮುದ್ದೀನ್ ಸೇಠರು ಒಂದು ಮಶೀನು ಕೊಂಡರು. ಅವರಿಗೆ ಮಿಲ್ಲಿನ ಹಿಂದಿನ ಓಣಿಯಲ್ಲಿ ಕ್ಯಾಸೆಟ್ಟಿನ ಅಂಗಡಿ ಇತ್ತು. ಲಾರಿಯಲ್ಲಿ ಮಶೀನಿನ ಜೊತೆ ಚಂದ್ರಶಾ ಕೂತು ಬಂದ.

“ನಾ ತಂದಿದ್ದು ಬರೇ ಮಶೀನ್ ಭಾಯಿ,” ಎಂದು ಸೇಠರು ಗಿರಾಕಿಗಳಿಗೆ ಹೇಳುತ್ತಿದ್ದರು. “ಇಂವಾ ಅದರ ಸಂಗಾಟ ಅಂಟಕೊಂಡು ಬಂದಾನ. ಬಿಡಸಲಿಕ್ಕ ಹೋದ್ರ ಅದೂ ಮುರೀತದ, ಇಂವಾನೂ ಮುರೀತಾನ.”

ಮೂರ್ನಾಲ್ಕು ವರ್ಷ ಕಳೆದ ಮೇಲೆ ಮಿಲ್ಲು ನಿಂತಿತು. ನನಗೆ ಅದೇ ಸೇಠರ ಅಂಗಡಿಯಲ್ಲಿ ಕಸ ಗುಡಿಸುವ, ಗಾಜು ಒರೆಸುವ ಕೆಲಸ ಸಿಕ್ಕಿತು. ಹಾಗಾಗಿ ಆ ಮಶೀನನ್ನು ನಾನು ದಿನಾ ನೋಡಿದೆ. ಅದೊಂದು ಉದ್ದನೆಯ ಪೆಟ್ಟಿಗೆ. ನಾಲ್ಕು ಕಾಲು, ಮೇಲೆ ಗಾಜು, ಆಡುವವನ ಕಡೆಗೆ ಇಳಿಜಾರು. ಬಲಗಡೆಯ ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಹೋಗುತ್ತದೆ. ಅಲ್ಲಿ ಅಣಬೆಯ ಹಾಗಿನ ಗೂಟಗಳಿಗೆ ಬಡಿಯುತ್ತದೆ, ಗಂಟೆ ಬಾರಿಸುತ್ತದೆ, ದೀಪ ಹಚ್ಚುತ್ತದೆ, ಕೆಳಗೆ ಉರುಳಿ ಬರುತ್ತದೆ. ಕೆಳಗೆ ಬಂದದ್ದನ್ನು ಮತ್ತೆ ಮೇಲೆ ಹೊಡೆಯಲಿಕ್ಕೆ ಎರಡು ಗಿಡ್ಡ ಪಟ್ಟಿಗಳು ಇರುತ್ತವೆ. ಪೆಟ್ಟಿಗೆಯ ಎಡಕ್ಕೊಂದು ಬಲಕ್ಕೊಂದು ಬಟನ್. ಬಟನ್ ಒತ್ತಿದರೆ ಪಟ್ಟಿ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ತಪ್ಪಿದರೆ ಗುಂಡು ಅವೆರಡರ ನಡುವಿನ ಸಂದಿಯಲ್ಲಿ ಹೋಗಿಬಿಡುತ್ತದೆ. ಆ ಪಟ್ಟಿಗಳಿಗೆ ನಮ್ಮ ಅಂಗಡಿಯಲ್ಲಿ ಎಲ್ಲರೂ ಕೈ ಅನ್ನುತ್ತಿದ್ದರು. ಎಡಗೈ, ಬಲಗೈ. “ಎಡಗೈ ರಬ್ಬರ್ ಸವದದ,” “ಬಲಗೈ ತಡಾ ಮಾಡ್ಲಾಕತ್ತದ,” ಹೀಗೆ.

ಗುಂಡನ್ನು ಉಳಿಸಿಕೊಳ್ಳಲು ಆಡುವವರು ಪೆಟ್ಟಿಗೆಯನ್ನು ಸ್ವಲ್ಪ ಅಲುಗಿಸುವುದುಂಟು. ಅದರ ಹೊಟ್ಟೆಯಲ್ಲಿ ಗಡಿಯಾರದಲ್ಲಿ ತೂಗಾಡುವಂಥ ಹಿತ್ತಾಳೆಯ ಒಂದು ತುಂಡು ತೂಗುಬಿದ್ದಿರುತ್ತದೆ. ಅಲುಗಿಸಿದ್ದು ಹೆಚ್ಚಾದರೆ ಅದು ಹೋಗಿ ಸುತ್ತಲಿನ ಬಳೆಗೆ ತಾಗುತ್ತದೆ. ತಾಗಿದ ಕೂಡಲೇ ದೀಪ ಆರುತ್ತವೆ, ಎರಡೂ ಕೈ ಸತ್ತುಬೀಳುತ್ತವೆ. ಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ಶಬ್ದ ಹತ್ತಿಕೊಳ್ಳುತ್ತಿತ್ತು. ನನಗೆ ಓದಲು ಬರುತ್ತಿರಲಿಲ್ಲ. “ಏನಿಲ್ರಿ, ಸೆಟಗೊಂಡದ ಅಂತ ಬರದಾರ,” ಅಂದಿದ್ದ ಚಂದ್ರಶಾ, ಅದು ಮುನಿಸಿಕೊಂಡಿದೆ ಅನ್ನುವ ಹಾಗೆ. ಮಿಲ್ಲು ನಡೆಯುತ್ತಿದ್ದ ದಿನಗಳಲ್ಲಿ ಅದರ ನಡುಕಕ್ಕೇ ಮಶೀನು ಸುಮ್ಮಸುಮ್ಮನೆ ಸೆಟಗೊಳ್ಳುತ್ತಿತ್ತಂತೆ. ಶಹಾಬಾದ್ ಕಲ್ಲಿನ ಚೂರು, ಸೈಕಲ್ ಟೈರಿನ ತುಂಡು ಕಾಲಡಿಗೆ ಕೊಟ್ಟು ಕೊಟ್ಟು ಅವನು ಅದನ್ನು ಸಮಾಧಾನ ಮಾಡಿದ್ದ.

ಸಂಜೆ ಗಿರಾಕಿಗಳು ಹೋದ ಮೇಲೆ ಅವನು ತಾನೊಂದು ಆಟ ಆಡುತ್ತಿದ್ದ. ಅದು ಅವನಿಗೆ ಆಟವಲ್ಲ, ಮಶೀನಿನ ತಬಿಯತ್ತು ನೋಡುವ ಕೆಲಸ. ಎರಡೂ ಅಂಗೈ ಪೆಟ್ಟಿಗೆಯ ಪಕ್ಕೆಗೆ ಒತ್ತಿ ನಿಲ್ಲುತ್ತಿದ್ದ. ನೋಟ ಮಾತ್ರ ಗುಂಡಿನ ಮೇಲೆ ಇರುತ್ತಿರಲಿಲ್ಲ. ಕಿಟಕಿಯ ಕಡೆಗೋ, ನನ್ನ ಕಸಬರಿಗೆಯ ಕಡೆಗೋ ಇರುತ್ತಿತ್ತು.

“ಗುಂಡು ನೋಡೋದ ಇಲ್ಲಲ್ಲೋ ನೀ?” ಎಂದು ನಾನು ಕೇಳಿದ್ದುಂಟು.

“ಕಣ್ಣು ತಡಾ ಮಾಡ್ತದ್ರಿ. ಗುಂಡು ಯಾವ ಗೂಟಕ್ಕ ಬಡೀತು ಅನ್ನೋದು ಅಂಗೈಗೆ ಮೊದಲ ಬರ್ತದ.”

ವರ್ಷಗಳು ಹೀಗೆ ಹೋದವು. ಸೇಠರು ಅಂಗಡಿಯನ್ನು ಜಗತ್ ಸರ್ಕಲ್ಲಿನಿಂದ ಒಳಗೆ ಹೋಗುವ ಓಣಿಗೆ ಬದಲಿಸಿದರು. ಮಶೀನೂ ಬಂತು, ಅವನೂ ಬಂದ, ನಾನೂ ಬಂದೆ. ಅವನ ಹೆಂಡತಿ ಮಲ್ಕಮ್ಮ ಕಮಲಾಪುರದಲ್ಲೇ ಇದ್ದು ಬಾಳೆಹಣ್ಣಿನ ವ್ಯಾಪಾರ ಮಾಡುತ್ತಿದ್ದಳು. ವಾರಕ್ಕೊಮ್ಮೆ ಹಣ್ಣಿನ ಬುಟ್ಟಿಯ ಜೊತೆ ಬಸ್ಸಿನಲ್ಲಿ ಬಂದು ಗಂಡನನ್ನು ಬೈದು ಹೋಗುತ್ತಿದ್ದಳು.

ಆ ವರ್ಷಗಳಲ್ಲೇ ಒಂದೆರಡು ಸಂಗತಿ ನಾನು ಕಂಡೆ, ಕಂಡರೂ ಏನೆಂದು ತಿಳಿಯಲಿಲ್ಲ. ಚಹಾದ ಗ್ಲಾಸನ್ನು ನಾವೆಲ್ಲ ಅಂಚಿನಲ್ಲಿ ಹಿಡಿದು ಊದುತ್ತಿದ್ದರೆ ಅವನು ಎಡ ಅಂಗೈಯಲ್ಲಿ ಇಡಿಯಾಗಿ ಹಿಡಿಯುತ್ತಿದ್ದ. ಸೇಠರು ಅದನ್ನು ಗಿರಾಕಿಗಳಿಗೆ ತೋರಿಸುತ್ತಿದ್ದರು: “ನೋಡ್ರಿ, ಕಮಲಾಪುರದ ಚಮಡಿ.” ಇನ್ನೊಂದು ಸಲ ತಂತಿಗೆ ಕಾವು ಕೊಟ್ಟು ಬೆಸೆಯುತ್ತಿದ್ದಾಗ ನನಗೆ ಕೂದಲು ಸುಟ್ಟಂಥ ವಾಸನೆ ಬಂತು. ನೋಡಿದರೆ ಕಾದ ಸಲಾಕೆ ಅವನ ಕಿರುಬೆರಳಿಗೆ ತಾಗಿಕೊಂಡಿತ್ತು. ನಾನು ಹೇಳಿದ ಮೇಲೆ ಕೈ ತೆಗೆದ.

“ಉರಿಯಂಗಿಲ್ಲೇನು?”

“ಇಲ್ರಿ. ರೂಢಿ ಆಗ್ಯಾದ.”

ನಾನೂ ಒಪ್ಪಿಕೊಂಡೆ. ಕಾಳು ಆರಿಸಿ ಆರಿಸಿ ನನ್ನ ಬೆರಳ ತುದಿಯೂ ಗಟ್ಟಿಯಾಗಿತ್ತಲ್ಲ.

ಎರಡು ಸಾವಿರದ ಇಸವಿಯ ಹೊತ್ತಿಗೆ ಕ್ಯಾಸೆಟ್ ಕೇಳುವವರು ಕಡಿಮೆಯಾದರು. ಸೇಠರ ಮಗಳು ಸಕೀನಾ ಕಂಪ್ಯೂಟರ್ ಕಲಿತು ಬಂದಿದ್ದಳು. ಅಂಗಡಿಯಲ್ಲಿ ಸಾಲಾಗಿ ಕಂಪ್ಯೂಟರ್ ಇಟ್ಟಳು. ಕಾಲೇಜಿನವರು ಬಂದು ಕೂರತೊಡಗಿದರು. ಮಶೀನು ಮೂಲೆಗೆ ಹೋಯಿತು. ಅದಕ್ಕೂ ಆಡುವವರು ಇರಲಿಲ್ಲವೆಂದಲ್ಲ, ಇದ್ದರು. ಆದರೆ ಅವರು ಬಂದಾಗ ಅದರ ಹೊಟ್ಟೆ ಬಿಚ್ಚಿಕೊಂಡೇ ಇರುತ್ತಿತ್ತು. ಎಡಗೈ ಕೆಟ್ಟಿದೆ ಎಂದು ಚಂದ್ರಶಾ ದಿನಾ ಬಿಚ್ಚುತ್ತಿದ್ದ. ಎದ್ದ ಎಡಗೈ ಇಳಿಯುವುದಿಲ್ಲ ಎಂಬುದು ಅವನ ದೂರು.

ಬಟನಿನ ಹಿಂದೆ ಎರಡು ಹಿತ್ತಾಳೆಯ ಎಲೆಗಳಿವೆ. ಅವುಗಳ ತುದಿಗೆ ಸಾಸಿವೆಯಷ್ಟು ಒಂದೊಂದು ಬಿಳಿ ಚುಕ್ಕಿ. ಚುಕ್ಕಿಗೆ ಚುಕ್ಕಿ ಕೂಡಿದರೆ ಕೈ ಏಳುತ್ತದೆ, ಅಗಲಿದರೆ ಇಳಿಯುತ್ತದೆ. ಚುಕ್ಕಿಗಳು ಅಂಟಿಕೊಳ್ಳುತ್ತಿವೆ ಎಂದು ಅವನು ಅರದಿಂದ ಉಜ್ಜುತ್ತಿದ್ದ. ಉಜ್ಜಿ ಉಜ್ಜಿ ಅವು ಕಾಗದದಷ್ಟು ತೆಳ್ಳಗಾದವು. ಬೇರೆ ಯಾರಾದರೂ ಆಡಿದರೆ ಎಡಗೈ ನೆಟ್ಟಗೆ ಏಳುತ್ತಿತ್ತು, ನೆಟ್ಟಗೆ ಇಳಿಯುತ್ತಿತ್ತು.

“ಅದು ನನ್ನ ಮ್ಯಾಲ ಸೆಟಗೊಂಡದ,” ಅನ್ನುತ್ತಿದ್ದ.

ಒಂದು ದಿನ ಸೇಠರು ಅವನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. “ಚಂದ್ರಶಾ, ದಿನಾ ಹೊಟ್ಟಿ ಬಿಚ್ಚಿಟ್ಟರ ಆಡೋರು ಯಾರು? ಆ ಮೂಲ್ಯಾಗ ಎರಡು ಕಂಪ್ಯೂಟರ್ ಕೂಡ್ತಾವ. ಇದೊಂದು ಸಲ ಪಕ್ಕಾ ಮಾಡಿ ಮುಚ್ಚು. ಮತ್ತ ಬಿಚ್ಚೂದಾದ್ರ ಮೋಡ್ಕಾದವಗ ಗುಜರಿಗೆ ಕೊಟ್ಟುಬಿಡ್ತೀನಿ. ಮನಸಿಗೆ ಹಚ್ಕೋ ನಕ್ಕೋ.”

“ಹಚ್ಕೊಳ್ಳಂಗಿಲ್ರಿ,” ಅಂದ ಚಂದ್ರಶಾ. ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ. ಸಂಜೆಯವರೆಗೆ ಅರ ಹಿಡಿದೇ ಕೂತಿದ್ದ.

ಸಕೀನಾಳಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಅವಳು ಆ ಮಶೀನಿನ ಕಾಲ ಸಂದಿಯಲ್ಲಿ ಆಡಿ ಬೆಳೆದವಳು. ಮರುದಿನ ಒಂದು ಕಂಪ್ಯೂಟರಿನ ಮುಂದೆ ಅವನನ್ನು ಕರೆದು ಕೂರಿಸಿದಳು. ಪರದೆಯ ಮೇಲೆ ಅದೇ ಆಟ ಇತ್ತು. ಇಳಿಜಾರಿನ ಹಲಗೆ, ಅಣಬೆ ಗೂಟ, ದೀಪ, ಗಂಟೆ, ಕೆಳಗೆ ಎರಡು ಕೈ, ಎಲ್ಲವೂ.

“ಚಾಚಾ, ನಿಮ್ಮ ಮಶೀನ್ ಇದರಾಗ ಅದ. ಈ ಬಟನ್ ಎಡಗೈ, ಈ ಬಟನ್ ಬಲಗೈ. ಮೋಡ್ಕಾದವರು ಇದನ್ನ ಒಯ್ಯಲಿಕ್ಕ ಆಗಂಗಿಲ್ಲ.”

ಅವನು ಆಡಲಿಲ್ಲ, ಮೊದಲು ನೋಡಿದ. ನಾನು ಒರೆಸುವ ಬಟ್ಟೆ ಹಿಡಿದು ಹಿಂದೆ ನಿಂತಿದ್ದೆ.

“ಧೂಳ ಇಲ್ಲವಾ ಇದಕ.”

“ಎಲ್ಲಿಂದ ಬರ್ತದ ಚಾಚಾ? ಭಾಗಮ್ಮ ಮಾವಶಿಗೆ ಛುಟ್ಟಿ,” ಎಂದು ನನ್ನ ಕಡೆ ತೋರಿಸಿದಳು.

“ರಬ್ಬರು ಸವೀತದೇನು?”

“ಇಲ್ಲ.”

“ಈ ಗುಂಡಿಗೆ ತಗ್ಗು ಬೀಳ್ತದೇನು?”

“ಎಂದೂ ಬೀಳಂಗಿಲ್ಲ. ನಾಳಿಗೂ ಹಿಂಗೇ ಇರ್ತದ.”

“ಹಂಗಾದ್ರ ಇದಕ ನಿನ್ನಿ ಅನ್ನೋದು ಗೊತ್ತಿಲ್ಲ,” ಅಂದ. ಬೈದದ್ದಲ್ಲ. ಮಶೀನಿನ ಬಗ್ಗೆ ಯಾವಾಗಲೂ ಹಾಗೆಯೇ ಮಾತಾಡುತ್ತಿದ್ದ, ಯಾರದೋ ಮನೆಯವರ ಸ್ವಭಾವ ಹೇಳಿದ ಹಾಗೆ.

ಅಲುಗಿಸುವುದಕ್ಕೂ ಒಂದು ಬಟನ್ ಇದೆ ಎಂದು ಸಕೀನಾ ತೋರಿಸಿದಳು. ಅದನ್ನು ಒತ್ತಿದರೆ ಪರದೆಯೊಳಗಿನ ಹಲಗೆ ನಡುಗಿತು. ಮತ್ತೆ ಮತ್ತೆ ಒತ್ತಿದರೆ ದೀಪ ಆರಿ ಕೈಗಳು ಸತ್ತವು. ಚಂದ್ರಶಾ ಮೊದಲ ಸಲ ನಕ್ಕ. “ಸೆಟಗೊಳ್ಳೋದೂ ಕಲಿಸ್ಯಾರಲ್ಲೇ ಇದಕ.”

ಆಮೇಲೆ ಆಡಿದ. ಎರಡೂ ಅಂಗೈಯನ್ನು ಕಂಪ್ಯೂಟರಿನ ಮೇಜಿಗೆ ಒತ್ತಿ, ಬೆರಳು ಬಟನುಗಳ ಮೇಲೆ ಇಟ್ಟು, ಹಳೆಯ ರೂಢಿಯಂತೆ ನೋಟ ಬೇರೆ ಕಡೆ ತಿರುಗಿಸಿದ. ಗುಂಡು ಹೋಯಿತು. ಮತ್ತೆ ಆಡಿದ, ಮತ್ತೆ ಹೋಯಿತು.

“ಅಂಗೈಗೆ ಏನೂ ಬರಲೊಲ್ದು. ಇದಕ ಜೋಮು ಹಿಡದದವಾ.”

“ನೋಡಿ ಆಡಬೇಕು ಚಾಚಾ. ತಡೀರಿ, ಸಪ್ಪಳ ಹೆಚ್ಚು ಮಾಡ್ತೀನಿ.”

ಸಪ್ಪಳ ಹೆಚ್ಚು ಮಾಡಿದಳು. ಗೂಟಕ್ಕೆ ಬಡಿದ ಸಪ್ಪಳ, ಗಂಟೆ, ಗುಂಡು ಮರದ ಮೇಲೆ ಉರುಳುವ ಸಪ್ಪಳ, ಎಲ್ಲ ಹಳೆ ಮಶೀನಿನದೇ ಅನ್ನಬೇಕು, ಹಾಗಿತ್ತು. ಅವನು ಪರದೆ ನೋಡುತ್ತ ಆಡಿದ. ಈ ಸಲ ಗುಂಡು ಉಳಿಯಿತು. ಸ್ವಲ್ಪ ಹೊತ್ತು ಚೆನ್ನಾಗಿ ಆಡಿದ. ಆಮೇಲೆ ಎಡಗೈ ಎದ್ದದ್ದು ಇಳಿಯಲಿಲ್ಲ.

“ಚಾಚಾ, ಬೆರಳ ಬಿಡ್ರಿ.”

“ಬಿಟ್ಟೀನಲ್ಲವಾ.”

“ಎಡಗೈ ಬೆರಳ.”

“ಬಿಟ್ಟೀನಿ. ಇದಕೂ ಎಡಗೈ ಸೆಟಗೊಂಡದ ನೋಡು. ಚುಕ್ಕಿ ಅಂಟ್ಕೊಂಡಿರಬೇಕು.”

“ಇದಕ ಚುಕ್ಕಿ ಇಲ್ಲ ಚಾಚಾ,” ಅಂದಳು ಸಕೀನಾ. “ಮೊನ್ನೆ ತಂದಿದ್ದು ಇದು. ಹೊಸಾದು.”

ನಾವು ಮೂರೂ ಜನ ಬಟನ್ ನೋಡಿದೆವು. ಅವನ ಎಡಗೈಯ ಉಂಗುರದ ಬೆರಳು ಅದರ ಮೇಲೆ ಇತ್ತು. ಒಳಗೆ ಬಾಗಿ, ಬಟನನ್ನು ಒತ್ತಿಕೊಂಡೇ ಇತ್ತು. ಸಕೀನಾ ತನ್ನ ಎರಡು ಬೆರಳಲ್ಲಿ ಆ ಬೆರಳನ್ನು ಹಿಡಿದು ಮೆಲ್ಲಗೆ ಎತ್ತಿದಳು. ಪರದೆಯ ಮೇಲೆ ಎಡಗೈ ಇಳಿಯಿತು. ಬೆರಳು ಬಿಟ್ಟಳು. ಅದು ಮತ್ತೆ ಬಟನ್ ಮೇಲೆ ಕೂತಿತು, ಎಡಗೈ ಎದ್ದಿತು.

ಇನ್ನೊಂದು ಸಲ ಅವಳು ಎತ್ತಿ ನೋಡಲಿಲ್ಲ. ಅವನು ಎದ್ದು ಮೂಲೆಗೆ ಹೋದ. ಹೊರಗೆ ಬಿಚ್ಚಿಟ್ಟಿದ್ದ ಬಟನನ್ನು ಜಾಗಕ್ಕೆ ಕೂರಿಸಿದ, ಸ್ಕ್ರೂ ತಿರುಗಿಸಿದ, ಮಶೀನಿನ ಹೊಟ್ಟೆ ಮುಚ್ಚಿದ. ಅರವನ್ನು ಒರೆಸಿ ಡಬ್ಬಿಗೆ ಹಾಕಿದ. ಅದು ಆಮೇಲೆ ಆ ಡಬ್ಬಿಯಿಂದ ಹೊರಗೆ ಬಂದದ್ದು ನಾನು ನೋಡಲಿಲ್ಲ.

ದವಾಖಾನೆಗೆ ಅವನ ಜೊತೆ ನಾನು ಹೋದೆ. ಡಾಕ್ಟರು ಏನು ತೊಂದರೆ ಎಂದು ಕೇಳಿದರು. ಅವನಿಗೆ ಬಾಯಿಗೆ ಬಂದದ್ದು ಅಂಗಡಿಯ ಮಾತೇ.

“ಎಡಗೈ ಎದ್ದದ್ದು ಇಳೀಲೊಲ್ದುರಿ.”

ಡಾಕ್ಟರು ಎದ್ದು ಬಂದು ಅವನ ಎಡತೋಳನ್ನು ಭುಜದವರೆಗೆ ಎತ್ತಿ ಬಿಟ್ಟರು. ತೋಳು ತಟ್ಟನೆ ಇಳಿಯಿತು. “ಇಳೀತಲ್ಲ,” ಅಂದರು. “ಹಂಗಲ್ರಿ, ಬಟನ್ ಬಿಟ್ರೂ ಇಳಿಯಂಗಿಲ್ಲ,” ಅಂದ ಇವನು. ಯಾವ ಬಟನ್ ಎಂದು ಡಾಕ್ಟರು ಅವನ ಅಂಗಿ ನೋಡಿದರು. ಕೊನೆಗೆ ನಾನೇ ಹೇಳಿದೆ, ಚಹಾದ ಗ್ಲಾಸು, ಕಾದ ಸಲಾಕೆ, ಇಳಿಯದ ಬೆರಳು. ಅವರು ಅವನ ಮೊಣಕೈಯ ಹಿಂದೆ ಒತ್ತಿ ನೋಡಿದರು. ಅಲ್ಲಿ ನರ ಹಗ್ಗದಂತೆ ದಪ್ಪಗಾಗಿತ್ತು. ತೋಳಿನ ಮೇಲೆ ಒಂದು ಮಾಸಲು ಕಲೆ ಇತ್ತು. ಅದನ್ನು ನಾವು ಚಿಬ್ಬು ಅಂದುಕೊಂಡಿದ್ದೆವು. ಅವನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕೈಯನ್ನು ಅಲ್ಲಲ್ಲಿ ಮುಟ್ಟಿ, ಮುಟ್ಟಿದ ಕಡೆ ಬೆರಳು ಇಡು ಅಂದರು. ಚಂದ್ರಶಾ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಡಾಕ್ಟರು ಮುಟ್ಟುತ್ತಿದ್ದರು. ಅವನು ಇನ್ನೂ ಕಾಯುತ್ತಿದ್ದ.

ಕುಷ್ಠ ಅಂದರು. ಗುಳಿಗೆ ಸರಕಾರ ಕೊಡುತ್ತದೆ, ಪೂರ್ತಿ ನುಂಗಿದರೆ ರೋಗ ಹೋಗುತ್ತದೆ, ಗುಳಿಗೆ ಶುರುವಾದ ಮೇಲೆ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ಆದರೆ ಹೋದ ಸ್ಪರ್ಶ ಬರುವುದಿಲ್ಲ.

ಮುಂದಿನ ಬಸ್ಸಿಗೆ ಮಲ್ಕಮ್ಮ ಬಂದಳು. ಅಂಗಡಿಯ ಮೆಟ್ಟಿಲ ಮೇಲೆ ಹಣ್ಣಿನ ಬುಟ್ಟಿ ಇಟ್ಟು ಎಲ್ಲ ಕೇಳಿಸಿಕೊಂಡಳು. ಅತ್ತಾಳು ಎಂದು ನಾನು ನೀರಿನ ಚಂಬು ಹಿಡಿದು ನಿಂತಿದ್ದೆ.

“ಲಗ್ನದಾಗ ನನ್ನ ಕೈ ಹಿಡದದ್ದು ಬಲಗೈಲೆ,” ಅಂದಳು. “ಅದು ನೆಟ್ಟಗದಲ್ಲ, ಸಾಕು. ಎಡಗೈದು ಆ ಮಶೀನಿಗೂ ಇಂವಗೂ ಬಿಟ್ಟದ್ದು.”

ಮಾತು ಹೊರಗೆ ಹೋಯಿತು. ಅಂಗಡಿಯಲ್ಲಿ ನಾವು ವರ್ಷಾನುಗಟ್ಟಲೆ ಮಶೀನಿನ ಎಡಗೈ ಕೆಟ್ಟಿದೆ, ಎಡಗೈ ಕೆಟ್ಟಿದೆ ಎಂದು ಎಲ್ಲರ ಮುಂದೆ ಆಡಿದ್ದೆವು. ಈಗ ಅವನ ಎಡಗೈ ಕೆಟ್ಟಿತು ಎಂದು ಕೇಳಿದ ಜನ ಎರಡನ್ನೂ ಕೂಡಿಸಿಕೊಂಡರು. ಮೊದಲು ಮಶೀನಿಗೆ ಬಂದಿತ್ತು, ಅದರಿಂದ ಇವನಿಗೆ ಹತ್ತಿತು, ಮುಟ್ಟಿದವರಿಗೆಲ್ಲ ಹತ್ತುತ್ತದೆ ಎಂದಾಯಿತು. ಸಕೀನಾ ಒಬ್ಬೊಬ್ಬರಿಗೂ ಡಾಕ್ಟರ ಮಾತು ತಿಳಿಸಿ ಹೇಳಿದಳು. ತಾನೇ ಎಲ್ಲರೆದುರು ಎರಡೂ ಬಟನ್ ಹಿಡಿದು ಆಡಿ ತೋರಿಸಿದಳು. ಅವರು ನಿಂತು ನೋಡಿದರು, ಹೌದು ಅಂದರು, ಹೋಗಿ ಕಂಪ್ಯೂಟರಿನ ಮುಂದೆ ಕೂತರು. ನಾನು ಮೊದಲಿನಂತೆ ದಿನಾ ಗಾಜು ಒರೆಸಿದೆ. ಒರೆಸಿದ ಗಾಜಿನ ಮೇಲೆ ಮರುದಿನ ಯಾರ ಬೆರಳಿನ ಗುರುತೂ ಇರುತ್ತಿರಲಿಲ್ಲ.

ಚಂದ್ರಶಾ ಗುಳಿಗೆ ತಪ್ಪಿಸಲಿಲ್ಲ. ಆದರೂ ನಡುವೆ ಒಮ್ಮೆ ಬಲಗೈಯ ನರ ಊದಿಕೊಂಡಿತು. ಜ್ವರ ಬಂತು. ಇಳಿಯುವ ಹೊತ್ತಿಗೆ ಬಲ ಅಂಗೈಯ ಸ್ಪರ್ಶವೂ ಹೋಗಿತ್ತು. ಈ ಸಲ ಮಲ್ಕಮ್ಮ ಬಂದಾಗ ಏನೂ ತಮಾಷೆ ಮಾಡಲಿಲ್ಲ. ಅವನಿಗೆ ಅಂಗಿಯ ಗುಂಡಿ ಹಾಕಿ, ಊರಿಗೆ ನಡೀ ಅಂದಳು.

ಇಮಾಮುದ್ದೀನ್ ಸೇಠರು ಮಶೀನನ್ನು ಮೋಡ್ಕಾಗೆ ಕೊಡಲಿಲ್ಲ. ಹಣ್ಣು ಇಳಿಸಿ ಖಾಲಿ ಹೋಗುತ್ತಿದ್ದ ಟೆಂಪೋದಲ್ಲಿ ಬಾಳೆ ಎಲೆ ಹಾಸಿ ಏರಿಸಿದರು. “ಒಯ್ಯಿ,” ಅಂದರು. “ಬಂದಾಗ ಇಬ್ಬರೂ ಕೂಡೇ ಬಂದೀರಿ.” ಸಕೀನಾ ಹಳೆಯದೊಂದು ಕಂಪ್ಯೂಟರನ್ನು ಆ ಆಟ ಹಾಕಿ ಜೊತೆಗೆ ಕಳಿಸಿದಳು.

ಒಂದೆರಡು ವರ್ಷ ಕಳೆದು, ಎರಡು ಸಾವಿರದ ಐದರ ಚಳಿಗಾಲದಲ್ಲಿ ನಾನು ಕಮಲಾಪುರಕ್ಕೆ ಹೋದೆ. ಸಕೀನಾಳ ಲಗ್ನದ ಮಿಠಾಯಿ ಕೊಡಬೇಕಾಗಿತ್ತು. ಅದೇ ನಾನು ಅವನನ್ನು ಕೊನೆಯ ಸಲ ನೋಡಿದ್ದು. ಮುಂದಿನ ಬೇಸಿಗೆಯಲ್ಲಿ ಅವನು ಬೇರೆ ಕಾಯಿಲೆಯಿಂದ ತೀರಿಕೊಂಡ.

ಮನೆ ಮುಂದೆ ಒಂದು ಟೆಂಪೋ ನಿಂತಿತ್ತು. ಅದರ ಹತ್ತಿರ ಮೋಡ್ಕಾದ ಮೈಬೂಬ ಬೀಡಿ ಸೇದುತ್ತಿದ್ದ. ಕಲಬುರಗಿಯಲ್ಲಿ ಅವನನ್ನು ನಾನು ಬಲ್ಲೆ.

“ಏನು ಮಾವಶಿ, ನೀನೂ ಎತ್ತಲಿಕ್ಕ ಬಂದೀ? ಬರೇ ತಾಮ್ರ ಸಿಕ್ಕರ ಸಾಕು ನನಗ. ಮುಂಜಾಲಿಂದ ನಿಂದ್ರಿಸ್ಯಾನ,” ಅಂದ.

ಒಳಗಿನ ಕೋಣೆಯಲ್ಲಿ ಒಂದು ಕಡೆ ಕೆಂಪು ಬಾಳೆಯ ಗೊನೆಗಳು ಹಣ್ಣಾಗುತ್ತಿದ್ದವು. ಇನ್ನೊಂದು ಕಡೆ ಮಶೀನು, ಅದರ ಮಗ್ಗುಲಿಗೆ ಸ್ಟೂಲಿನ ಮೇಲೆ ಕಂಪ್ಯೂಟರ್. ನಡುವೆ ಚಂದ್ರಶಾ ಕೂತಿದ್ದ. ಎರಡೂ ಕೈಯ ಬೆರಳು ಒಳಗೆ ಬಾಗಿದ್ದವು. ನನ್ನನ್ನು ನೋಡಿ ಎದ್ದ. “ಬರ್ರಿ ಅಕ್ಕಾ. ಕರೆಂಟ್ ಬರಲಿ ಅಂತ ಕುಂತೀನಿ.”

“ಕರೆಂಟ್ ಬಂದ್ರ ತೀರ್ಮಾನ ಮಾಡ್ತಾನಂತ,” ಅಂದಳು ಮಲ್ಕಮ್ಮ ಬಾಗಿಲಲ್ಲಿ. “ಹಣ್ಣು ಇಡಲಿಕ್ಕ ಜಾಗಿಲ್ಲ, ಹೊರಗ ಟೆಂಪೋದವ ಕಾಯ್ಲಾಕತ್ತಾನ. ಹೌದು ಅನ್ನಂಗಿಲ್ಲ, ಅಲ್ಲ ಅನ್ನಂಗಿಲ್ಲ. ನೀನರ ಕೇಳು ಯಕ್ಕಾ.”

ಅವನು ನನಗೆ ಹೇಳಿದ. “ನನಗೀಗ ಇದೂ ಅದೂ ಒಂದೇ ಆಗ್ಯಾವ್ರಿ. ಇದರ ಮ್ಯಾಲ ಕೈ ಇಟ್ರೂ ಏನಿಲ್ಲ, ಅದರ ಮ್ಯಾಲ ಇಟ್ರೂ ಏನಿಲ್ಲ. ಸಪ್ಪಳ ಎರಡರಾಗೂ ಅದ. ಅದರಾಗ ಗುಂಡ ಇಲ್ಲದೇ ಸಪ್ಪಳ ಅದ. ಅದಕ್ಕ ಸಪ್ಪಳದ ಮ್ಯಾ‍ಲ ನನಗ ನಂಬಿಗಿ ಹೋಗ್ಯಾದ. ಇದರಾಗೂ ಬರೇ ಸಪ್ಪಳ ಉಳದಿದ್ರ ಮೈಬೂಬ ಒಯ್ಯಲಿ, ಸಪ್ಪಳ ಕೇಳಲಿಕ್ಕ ಸಕೀನಾ ಕೊಟ್ಟಿದ್ದು ಸಾಕು. ಬಡಿಯೋದು ಇನ್ನಾ ಇದ್ರ, ಒಡಿಯಲಿಕ್ಕ ಕೊಡಂಗಿಲ್ಲ.”

“ನೋಡಿದ್ರ ಕಾಣ್ತದಲ್ಲೋ, ಗುಂಡು ಅದ ಅಂತ.”

“ಅದರಾಗೂ ಕಾಣ್ತದ್ರಿ.”

ಕರೆಂಟ್ ಬಂತು. ಮಶೀನಿನ ದೀಪಗಳು ಒಂದೊಂದಾಗಿ ಹತ್ತಿದವು, ಕೆಲವು ಹತ್ತಲಿಲ್ಲ. ಕಂಪ್ಯೂಟರ್ ಚಾಲೂ ಮಾಡಿ ಆಟ ಹಚ್ಚಲು ಮಲ್ಕಮ್ಮನಿಗೆ ಹೇಳಿದ. ನನಗೆ ಕಣ್ಣು ಮುಚ್ಚಿಕೊಳ್ಳಿ ಅಂದ. ದವಾಖಾನೆಯಲ್ಲಿ ಅವನು ಮುಚ್ಚಿಕೊಂಡ ಹಾಗೆ ನಾನು ಮುಚ್ಚಿಕೊಂಡೆ. ಅವನು ತನ್ನ ಎರಡು ಮಣಿಕಟ್ಟಿನ ನಡುವೆ ನನ್ನ ಬಲಗೈ ಹಿಡಿದು ತಂದು ಒಂದು ಕಡೆ ಇಟ್ಟ. ಅಂಗೈ ಕೆಳಗೆ ಸ್ಟೂಲಿನ ಮರ ಇತ್ತು. ಗಂಟೆ ಹೊಡೆಯಿತು, ಗುಂಡು ಉರುಳಿತು, ಗೂಟಕ್ಕೆ ಬಡಿಯಿತು. ಎಲ್ಲ ಕೇಳಿಸಿತು. ಮರ ಸುಮ್ಮನೆ ಇತ್ತು.

ಮತ್ತೆ ಕೈ ಎತ್ತಿ ಇನ್ನೊಂದು ಕಡೆ ಇಟ್ಟ. ಈ ಸಲ ಕೆಳಗೆ ಪೆಟ್ಟಿಗೆಯ ಅಂಚಿನ ತಣ್ಣನೆಯ ಲೋಹದ ಪಟ್ಟಿ ಇತ್ತು. ಇಷ್ಟು ವರ್ಷ ದಿನಾ ಒರೆಸಿದ ಪಟ್ಟಿ, ಆದರೆ ಮಶೀನು ನಡೆಯುವಾಗ ಅದರ ಮೇಲೆ ನಾನು ಎಂದೂ ಕೈ ಇಟ್ಟಿರಲಿಲ್ಲ. ನಾನು ಗಟ್ಟಿಯಾಗಿ ಹಿಡಿದೆ.

“ಒತ್ತಬ್ಯಾಡ್ರಿ. ಸುಮ್ನ ಇಡ್ರಿ,” ಅಂದ.

ಒತ್ತುವುದು ಬಿಟ್ಟೆ. ಸ್ಪ್ರಿಂಗಿನ ಹಿಡಿಯನ್ನು ಅವನು ಮಣಿಕಟ್ಟಿನಲ್ಲಿ ಸಿಕ್ಕಿಸಿ ಎಳೆದು ಬಿಟ್ಟದ್ದು ತಿಳಿಯಿತು. ಗುಂಡು ಮೇಲೆ ಹೋಯಿತು. ದೂರದಲ್ಲಿ ಎಲ್ಲೋ ತಾಗಿತು, ಆ ತಾಗಿದ್ದು ಮರದೊಳಗಿಂದ ನಡೆದು ಬಂದು ನನ್ನ ಅಂಗೈಯ ನಡುವೆ ಮುಟ್ಟಿತು. ಮತ್ತೆ ತಾಗಿತು, ಈ ಸಲ ಎಡಕ್ಕೆ. ಆಮೇಲೆ ಹತ್ತಿರ, ಇನ್ನೂ ಹತ್ತಿರ. ಎಡಗೈ ಎದ್ದು ಹೊಡೆದದ್ದು ಕಿರುಬೆರಳಿನ ಬುಡಕ್ಕೆ ಬಂತು. ಅದು ನೆಟ್ಟಗೆ ಇಳಿದದ್ದೂ ಬಂತು.

ಹೊರಗೆ ಮೈಬೂಬ ಟೆಂಪೋದ ಹಾರ್ನ್ ಹೊಡೆದ. ಕಂಪ್ಯೂಟರಿನಲ್ಲಿ ಗಂಟೆ ಹೊಡೆಯುತ್ತಲೇ ಇತ್ತು, ಮಶೀನಿನಲ್ಲೂ ಹೊಡೆಯುತ್ತಿತ್ತು. ನಾನು ಕಣ್ಣು ತೆರೆಯುವ ಮೊದಲೇ ಚಂದ್ರಶಾ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ.

“ಖರೇ ಹೇಳ್ರಿ ಅಕ್ಕಾ. ಬಡದದ್ದು ಕೈಗೆ ಬಂತೋ, ಕಿವಿಗಷ್ಟ ಬಂತೋ?”